ಹೊಸ ಏರಿಯಾ, ಹೊಸ ಗೆಳತಿ

ಧಾರವಾಡದಿಂದ ಬೆಂಗಳೂರಿನ ಯಲಹಂಕಕ್ಕೆ ಮನೆ ಬದಲಾಯ್ತು. ಗಂಡನಿಗೆ ಆಫೀಸಿದೆ, ಮಗುವಿಗೆ ಆಟಿಕೆ ಇದೆ. ಅಮ್ಮನಿಗೆ ಮಾತಾಡೋಕೆ ಯಾರಿದ್ದಾರೆ?

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಸೇರಿದ್ದೀರಿ, ಸರಿ. ಅಲ್ಲಿ ನಡೆಯೋದು ನೀರಿನ ಟ್ಯಾಂಕರ್ ಮತ್ತು ಪಾರ್ಕಿಂಗ್ ಜಗಳ. ಗೆಳತಿ ಸಿಗೋದು ಸಂಜೆ ಐದೂವರೆಗೆ, ಪಾರ್ಕಿನ ಉಯ್ಯಾಲೆ ಪಕ್ಕದಲ್ಲಿ.

ದಿನಾ ಅದೇ ಪಾರ್ಕು, ಅದೇ ಹೊತ್ತು. ಇದಕ್ಕೊಂದು ಲೆಕ್ಕ ಇದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಸ್ನೇಹ ಆಗೋಕೆ ಸುಮಾರು 50 ಗಂಟೆ ಒಡನಾಟ ಬೇಕು. ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು! ದಿನಕ್ಕೆ ಅರ್ಧ ಗಂಟೆ ಅಂದ್ರೂ ಮೊದಲ ಮೆಟ್ಟಿಲಿಗೇ ಮೂರು ತಿಂಗಳು ದಾಟುತ್ತೆ. ಹಾಗಾಗಿ ಮೊದಲ ವಾರದಲ್ಲೇ ತವರಿಗೆ ಫೋನ್ ಮಾಡಿ "ಇಲ್ಲಿ ಯಾರೂ ಸರಿಯಿಲ್ಲ" ಅನ್ನಬೇಡಿ.

ಮೊದಲ ಮಾತು? "ನಿಮ್ಮ ಮಗು ಸರಿಯಾಗಿ ಊಟ ಮಾಡುತ್ತಾ?" ಸಾಕು. ಇದಕ್ಕೆ ಒಂದೇ ಪದದಲ್ಲಿ ಉತ್ತರ ಕೊಡೋ ತಾಯಿ ನನಗಂತೂ ಸಿಕ್ಕಿಲ್ಲ. "ಇನ್ನೂ ನಡೆಯಲ್ವಾ?" ಅಂತ ಮಾತ್ರ ಕೇಳಬೇಡಿ.

ಇನ್ನು ಹಬ್ಬಗಳು. ಸಂಕ್ರಾಂತಿಗೆ ಎಳ್ಳು ಬೀರೋಕೆ ಹೊಸಬರೂ ಯಾವ ಬಾಗಿಲನ್ನಾದ್ರೂ ತಟ್ಟಬಹುದು. ನಿಮ್ಮದು ಕುಸುರೆಳ್ಳು, ಅವರದು ಎಳ್ಳು-ಬೆಲ್ಲ. ಅರ್ಧ ಗಂಟೆ ಮಾತಿಗೆ ಅದೇ ನೆಪ. ದಸರಾಗೆ ಗೊಂಬೆ ಕೂರಿಸಿದ ಮನೆಗೆ ಮಕ್ಕಳನ್ನ ಕರೀತಾರೆ, ಹಿಂದೆ ನೀವೂ ಹೋಗಿ. ಹೊರಡುವಾಗ ಮಕ್ಕಳ ಕೈಗೆ ಕೊಡೋ ತಿಂಡಿ, ಅಂದ್ರೆ ಚರ್ಪಿನ ಜೊತೆ ಫೋನ್ ನಂಬರೂ ಇಸ್ಕೊಳ್ಳಿ.

ಈ ಹಬ್ಬಗಳನ್ನ ಮಾಡದ ಮನೆಗೂ ಒಂದು ಡಬ್ಬಿ ತಿಂಡಿ ಕೊಡಿ. ಡಬ್ಬಿ ವಾಪಸ್ ಕೊಡೋಕೆ ಬಂದವರನ್ನ ಬಾಗಿಲಲ್ಲೇ ಕಳಿಸದೆ, ಒಳಗೆ ಕರೀರಿ.