ಜಲಾಶಯದ ನೀರು: ಪಟ್ಟಣಕ್ಕೆಷ್ಟು, ಬೆಳೆಗೆಷ್ಟು?

ಹೊಸರಿತ್ತಿಯ ಬಳಿ ಹರಿಯುವ ವರದಾ ನದಿ ಮುಂಗಾರಿನಲ್ಲಿ ದಂಡೆ ತುಂಬಿ ಹರಿದು ಬೇಸಿಗೆಯಲ್ಲಿ ಸೊರಗುತ್ತದೆ. ಕುಡಿಯುವ ನೀರಿಗೂ ಪಂಪುಸೆಟ್ಟುಗಳಿಗೂ ಇದೊಂದೇ ನದಿ. ಪಟ್ಟಣಗಳಿಗೆ ನೀರುಣಿಸುವ ದೊಡ್ಡ ಜಲಾಶಯಗಳಲ್ಲಿಯೂ ಇದೇ ಹಂಚಿಕೆಯ ಪ್ರಶ್ನೆಯಿದೆ. ಅಲ್ಲಿಯ ಲೆಕ್ಕ ನಮ್ಮ ರೈತರಿಗೂ ಉಪಯುಕ್ತವಾಗಿದೆ.

ಹತ್ತಿರದ ಕೆರೆಯಿಂದ ದೂರದ ಅಣೆಕಟ್ಟಿಗೆ

ಹುಬ್ಬಳ್ಳಿಗೆ ಮೊದಲು ಉಣಕಲ್ ಕೆರೆ, ಬಳಿಕ ಬೇಡ್ತಿ ಹಳ್ಳದ ನೀರಸಾಗರ ನೀರು ಒದಗಿಸಿದವು. ಇವುಗಳ ಜಲಾನಯನ ಪ್ರದೇಶ ಚಿಕ್ಕದು. ಬರದ ವರ್ಷಗಳಲ್ಲಿ ನೀರಸಾಗರ ಬತ್ತಿದ್ದುಂಟು. ಆದುದರಿಂದ ಅವಳಿ ನಗರಕ್ಕೆ ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ನೀರು ತರಲಾಯಿತು. ನೀರಾವರಿಯೇ ಇದರ ಮುಖ್ಯ ಉದ್ದೇಶ, ಸಾಮರ್ಥ್ಯ 37.73 ಟಿ.ಎಂ.ಸಿ. ಬೆಂಗಳೂರಿನ ಕಥೆಯೂ ಇದೇ: 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಸುಮಾರು 100 ಕಿ.ಮೀ. ದೂರದ ಕಾವೇರಿ.

ಲೆಕ್ಕ ಹೀಗಿದೆ

ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.44 ಲಕ್ಷ. ತಲಾ ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ ಸುಮಾರು 1.6 ಟಿ.ಎಂ.ಸಿ. ಸಾಕು. 2024ರಲ್ಲಿ ಐದನೆಯ ಹಂತ ಸೇರಿದ ಮೇಲೆ ಬೆಂಗಳೂರಿನ ಕಾವೇರಿ ಯೋಜನೆಯ ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ವರ್ಷಕ್ಕೆ 28 ಟಿ.ಎಂ.ಸಿ.ಗೂ ಹೆಚ್ಚು. ಇದು 49.45 ಟಿ.ಎಂ.ಸಿ. ಸಾಮರ್ಥ್ಯದ ಕೃಷ್ಣರಾಜಸಾಗರದ ಅರ್ಧಕ್ಕಿಂತ ಅಧಿಕ.

ಕುಡಿಯುವ ನೀರಿಗೆ 2002ರ ರಾಷ್ಟ್ರೀಯ ಜಲನೀತಿಯು ಮೊದಲ ಆದ್ಯತೆ ನೀಡಿತು. ಬರದ ವರ್ಷದಲ್ಲಿ ಮುಂದಿನ ಮಳೆಗಾಲದವರೆಗೆ ಬೇಕಾದಷ್ಟನ್ನು, ಆವಿಯಾಗುವ ನೀರನ್ನೂ ಸೇರಿಸಿ, ಮೊದಲು ಕಾದಿರಿಸಬೇಕಾಗುತ್ತದೆ. ಉಳಿದದ್ದು ಮಾತ್ರ ಕಾಲುವೆಗೆ. ಕೊರತೆಯ ಭಾರವೆಲ್ಲ ಬೆಳೆಯ ಮೇಲೆಯೇ ಬೀಳುತ್ತದೆ.

ರೈತರು ಮಾಡಬೇಕಾದುದೇನು?

ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1.03 ಲಕ್ಷ ಲೀಟರ್ ಬೇಕು. ಭತ್ತಕ್ಕೆ 48 ಅಂಗುಲ ಹಿಡಿದರೆ ಒಂದು ಟಿ.ಎಂ.ಸಿ.ಯಲ್ಲಿ ಸುಮಾರು 5,700 ಎಕರೆ ಬೆಳೆಯಬಹುದು. ಎರೆಭೂಮಿಯ ಕಡಲೆಗೆ ಎರಡೂವರೆ ಅಂಗುಲದ ಎರಡು ನೀರು ಕೊಟ್ಟರೆ ಅದೇ ನೀರು ಸುಮಾರು 55,000 ಎಕರೆಗೆ ಸಾಕು. ಕಾಲುವೆಯಲ್ಲಿ ಸೋರುವ ನೀರನ್ನು ಇಲ್ಲಿ ಲೆಕ್ಕಿಸಿಲ್ಲ.

1. ಹಿಂಗಾರಿ ಬಿತ್ತನೆಗೆ ಮೊದಲು ಜಲಾಶಯದ ಮಟ್ಟವನ್ನೂ ನೀರು ಬಿಡುವ ದಿನಗಳನ್ನೂ ವಿಚಾರಿಸಿರಿ.

2. ಮಟ್ಟ ಕಡಿಮೆಯಿದ್ದರೆ ಭತ್ತ, ಕಬ್ಬು ಬಿಟ್ಟು ಕಡಲೆ, ಜೋಳ, ಕುಸುಬೆ ಆರಿಸಿರಿ.

3. ಕಡಲೆಗೆ ಹೂ ಬಿಡುವ ಮುನ್ನ ಹಾಗೂ ಕಾಯಿ ಕಟ್ಟುವಾಗ ಹಗುರವಾಗಿ ನೀರು ಕೊಡಿರಿ. ಹೆಚ್ಚಾದರೆ ಗಿಡ ಸೊಕ್ಕಿ ಕಾಯಿ ಕಡಿಮೆಯಾಗುತ್ತದೆ.

4. ವರದೆಯ ದಂಡೆಯ ರೈತರು ನದಿಯ ಹರಿವು ಇಳಿಯುವ ಮೊದಲೇ ಬೇಸಿಗೆ ಬೆಳೆಯ ವಿಸ್ತೀರ್ಣ ನಿರ್ಧರಿಸಿರಿ. ಕೆಳಗಿನ ಊರುಗಳ ಕುಡಿಯುವ ನೀರನ್ನು ಬಿಟ್ಟು ಉಳಿದದ್ದನ್ನೇ ಬೆಳೆಯ ಪಾಲೆಂದು ಹಿಡಿಯಿರಿ.

ಬಿತ್ತಿದ ಮೇಲೆ ನೀರು ತಪ್ಪಿದರೆ ಬೀಜ, ಗೊಬ್ಬರ, ದುಡಿಮೆ ಮೂರೂ ಹೋಗುತ್ತವೆ. ಇರುವ ನೀರಿಗೆ ತಕ್ಕ ಬೆಳೆ ಇಟ್ಟವನಿಗೆ ಆ ನಷ್ಟವಿಲ್ಲ.