ಸರಳ ಯಾದೃಚ್ಛಿಕ ಮಾದರಿಯಿಂದ ಸಮಷ್ಟಿಯ ಅಂದಾಜು

ಸರಳ ಯಾದೃಚ್ಛಿಕ ಪ್ರತಿಚಯನವು ಸಮೀಕ್ಷಾ ಸಂಖ್ಯಾಶಾಸ್ತ್ರದ ಮೂಲಭೂತ ವಿಧಾನಗಳಲ್ಲೊಂದು. ಒಂದು ಸಮಷ್ಟಿಯಿಂದ ನಿಗದಿತ ಸಂಖ್ಯೆಯ ಘಟಕಗಳನ್ನು ಆರಿಸುವಾಗ ಆ ಗಾತ್ರದ ಪ್ರತಿಯೊಂದು ಸಂಭಾವ್ಯ ಗುಂಪಿಗೂ ಆಯ್ಕೆಯಾಗುವ ಅವಕಾಶ ಸಮಾನವಾಗಿದ್ದರೆ, ಹಾಗೆ ದೊರೆತ ಗುಂಪನ್ನು ಸರಳ ಯಾದೃಚ್ಛಿಕ ಮಾದರಿ ಎನ್ನುತ್ತಾರೆ. ಇಂಥ ಮಾದರಿಯ ಅಳತೆಗಳಿಂದ ಇಡೀ ಸಮಷ್ಟಿಯ ಸರಾಸರಿ, ಒಟ್ಟು ಮೊತ್ತ, ಶೇಕಡಾವಾರು ಪ್ರಮಾಣ ಮೊದಲಾದವುಗಳನ್ನು ಅಂದಾಜು ಮಾಡಬಹುದು. ಆ ಅಂದಾಜು ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬುದನ್ನೂ ಅದೇ ಮಾದರಿಯಿಂದ ಲೆಕ್ಕ ಹಾಕಬಹುದು. ಈ ಎರಡನೆಯ ಗುಣವೇ ಯಾದೃಚ್ಛಿಕ ಮಾದರಿಯನ್ನು ಉಳಿದ ಬಗೆಯ ಆಯ್ಕೆಗಳಿಂದ ಬೇರ್ಪಡಿಸುತ್ತದೆ.

ಪರಿಕಲ್ಪನೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎಂಬುದನ್ನು ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯ ಎಂದು ಕರೆದಿದ್ದಾರೆ. ಒಂದೇ ಪಾತ್ರೆಯ ಅಗುಳುಗಳೆಲ್ಲ ಒಂದೇ ಬಿಸಿಯಲ್ಲಿ ಬೇಯುವುದರಿಂದ ಅಲ್ಲಿ ಈ ನ್ಯಾಯ ಸಲ್ಲುತ್ತದೆ. ಕುಟುಂಬಗಳ ಆದಾಯ, ಹೊಲಗಳ ಇಳುವರಿ, ಮತದಾರರ ಒಲವು ಹೀಗೆ ಸಮವಾಗಿ ಬೆಂದ ಅನ್ನವಲ್ಲ. ಘಟಕದಿಂದ ಘಟಕಕ್ಕೆ ಅವು ಬಹಳ ಭಿನ್ನವಾಗಿರುತ್ತವೆ. ಆದ್ದರಿಂದ ಯಾವ ಘಟಕವನ್ನು ನೋಡಬೇಕೆಂಬುದನ್ನು ಸಮೀಕ್ಷಕನ ಇಚ್ಛೆಗೆ ಬಿಡದೆ ಚೀಟಿ ಎತ್ತುವಂಥ ಆಕಸ್ಮಿಕ ಕ್ರಿಯೆಗೆ ಒಪ್ಪಿಸಲಾಗುತ್ತದೆ.

ಸಮೀಕ್ಷೆಗೆ ಒಳಪಡುವ ಎಲ್ಲ ಘಟಕಗಳ ಸಮೂಹವೇ ಸಮಷ್ಟಿ. ಆ ಘಟಕಗಳ ಪಟ್ಟಿಯನ್ನು ಪ್ರತಿಚಯನ ಚೌಕಟ್ಟು ಎನ್ನುತ್ತಾರೆ. ಪಟ್ಟಿಯ ಪ್ರತಿ ಘಟಕಕ್ಕೂ ಕ್ರಮಸಂಖ್ಯೆ ನೀಡಿ, ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ ಅಥವಾ ಗಣಕಯಂತ್ರದ ನೆರವಿನಿಂದ ಬೇಕಾದಷ್ಟು ಸಂಖ್ಯೆಗಳನ್ನು ಎತ್ತಲಾಗುತ್ತದೆ. ಎಲ್. ಎಚ್. ಸಿ. ಟಿಪ್ಪೆಟ್ 1927ರಲ್ಲಿ ಪ್ರಕಟಿಸಿದ 41,600 ಅಂಕಿಗಳ ಕೋಷ್ಟಕವು ಈ ಕೆಲಸಕ್ಕೆಂದೇ ಸಿದ್ಧವಾದ ಮೊದಲ ಕೋಷ್ಟಕಗಳಲ್ಲೊಂದು.

ಪ್ರತಿ ಘಟಕಕ್ಕೂ ಸಮಾನ ಅವಕಾಶವಿದ್ದ ಮಾತ್ರಕ್ಕೆ ಮಾದರಿಯು ಸರಳ ಯಾದೃಚ್ಛಿಕವಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಹಲವೊಮ್ಮೆ ಗಮನಿಸುವುದಿಲ್ಲ. ಬೀದಿಯ ಪ್ರತಿ ಹತ್ತನೆಯ ಮನೆಯನ್ನು ಆರಿಸಿದರೆ, ಆರಂಭದ ಮನೆಯನ್ನು ಚೀಟಿಯಿಂದ ನಿರ್ಧರಿಸಿದ ಪಕ್ಷದಲ್ಲಿ, ಪ್ರತಿ ಮನೆಗೂ ಹತ್ತರಲ್ಲೊಂದು ಅವಕಾಶವಿರುತ್ತದೆ. ಆದರೆ ಅಕ್ಕಪಕ್ಕದ ಎರಡು ಮನೆಗಳು ಒಟ್ಟಿಗೆ ಆಯ್ಕೆಯಾಗುವುದು ಅಸಾಧ್ಯ. ಇದು ಕ್ರಮಬದ್ಧ ಪ್ರತಿಚಯನ. ಇದರ ಗಣಿತವೇ ಬೇರೆ.

ನಾಲ್ಕು ಹಿಡುವಳಿಗಳ ಉದಾಹರಣೆ

ಅಂದಾಜಿನ ತರ್ಕವನ್ನು ಅತಿ ಚಿಕ್ಕ ಸಮಷ್ಟಿಯೊಂದರಲ್ಲಿ ಪೂರ್ಣವಾಗಿ ನೋಡಬಹುದು. ಒಂದು ಊರಿನಲ್ಲಿ ನಾಲ್ಕೇ ಹಿಡುವಳಿಗಳಿದ್ದು, ಅವುಗಳ ವಿಸ್ತೀರ್ಣ 2, 4, 6 ಮತ್ತು 12 ಎಕರೆ ಎಂದಿಟ್ಟುಕೊಳ್ಳೋಣ. ಸಮಷ್ಟಿಯ ಸರಾಸರಿ 6 ಎಕರೆ. ಇವುಗಳಿಂದ ಎರಡು ಹಿಡುವಳಿಗಳ ಮಾದರಿಯನ್ನು ಆರು ರೀತಿಗಳಲ್ಲಿ ಆರಿಸಬಹುದು:

2 ಮತ್ತು 4: ಸರಾಸರಿ 3
2 ಮತ್ತು 6: ಸರಾಸರಿ 4
2 ಮತ್ತು 12: ಸರಾಸರಿ 7
4 ಮತ್ತು 6: ಸರಾಸರಿ 5
4 ಮತ್ತು 12: ಸರಾಸರಿ 8
6 ಮತ್ತು 12: ಸರಾಸರಿ 9

ಈ ಆರು ಸರಾಸರಿಗಳಲ್ಲಿ ಒಂದೂ 6 ಅಲ್ಲ. ಯಾವ ಮಾದರಿ ಬಂದರೂ ಅಂದಾಜು ತಪ್ಪೇ ಆಗಿರುತ್ತದೆ. ಆದರೆ ಆರರ ಮೊತ್ತ 36, ಅವುಗಳ ಸರಾಸರಿ ಸರಿಯಾಗಿ 6. ಮಾದರಿಯ ಸರಾಸರಿಯು ಸಮಷ್ಟಿಯ ಸರಾಸರಿಗೆ ಪಕ್ಷಪಾತರಹಿತ ಅಂದಾಜು ಎಂಬ ಪಠ್ಯಪುಸ್ತಕದ ಹೇಳಿಕೆಯ ಅರ್ಥ ಇಷ್ಟೇ. ಪಕ್ಷಪಾತವಿಲ್ಲದಿರುವುದು ಆಯ್ಕೆಯ ವಿಧಾನದ ಗುಣವೇ ಹೊರತು ಕೈಗೆ ಬಂದ ಒಂದು ಮಾದರಿಯ ಗುಣವಲ್ಲ.

ಮುಂದಿನ ಪ್ರಶ್ನೆ, ಈ ಆರು ಅಂದಾಜುಗಳು ಎಷ್ಟು ಚದುರಿವೆ ಎಂಬುದು. 6ರಿಂದ ಅವುಗಳ ವಿಚಲನೆಗಳನ್ನು ವರ್ಗ ಮಾಡಿ ಸರಾಸರಿ ತೆಗೆದರೆ 28ನ್ನು 6ರಿಂದ ಭಾಗಿಸಿದ 4.67 ಬರುತ್ತದೆ. ಇದನ್ನು ಅಂದಾಜಿನ ಪ್ರಸರಣ ಅಥವಾ ವೇರಿಯನ್ಸ್ ಎನ್ನುತ್ತಾರೆ. ಎಲ್ಲ ಮಾದರಿಗಳನ್ನೂ ಬರೆಯದೆ ಇದೇ ಬೆಲೆಯನ್ನು ಪಡೆಯುವ ಸೂತ್ರ ಹೀಗಿದೆ:

ಸರಾಸರಿಯ ಪ್ರಸರಣ = (1 − ಮಾದರಿ ಗಾತ್ರ ÷ ಸಮಷ್ಟಿ ಗಾತ್ರ) × ಸಮಷ್ಟಿಯ ಪ್ರಸರಣ ÷ ಮಾದರಿ ಗಾತ್ರ

ಇಲ್ಲಿ ಸಮಷ್ಟಿಯ ಪ್ರಸರಣವನ್ನು ಕಾಣುವಾಗ ವಿಚಲನೆಗಳ ವರ್ಗಗಳ ಮೊತ್ತವನ್ನು ಘಟಕಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಲಾಗುತ್ತದೆ: 56 ÷ 3, ಅಂದರೆ 18.67. ಸೂತ್ರದಲ್ಲಿ ಇಟ್ಟರೆ ½ × 18.67 ÷ 2 = 4.67, ಎರಡೂ ಲೆಕ್ಕಗಳು ಕೂಡಿಬರುತ್ತವೆ.

ವಾಸ್ತವ ಸಮೀಕ್ಷೆಯಲ್ಲಿ ಸಮಷ್ಟಿಯ ಪ್ರಸರಣ ನಮಗೆ ತಿಳಿದಿರುವುದಿಲ್ಲ; ಕೈಯಲ್ಲಿರುವುದು ಒಂದೇ ಮಾದರಿ. ಆದರೆ ಆ ಮಾದರಿಯೊಳಗಿನ ಪ್ರಸರಣವನ್ನೂ ಅದೇ ರೀತಿ ಒಂದು ಕಡಿಮೆಯಿಂದ ಭಾಗಿಸಿ ಲೆಕ್ಕ ಹಾಕಬಹುದು. ಮೇಲಿನ ಆರು ಮಾದರಿಗಳಿಗೆ ಅದು ಕ್ರಮವಾಗಿ 2, 8, 50, 2, 32 ಮತ್ತು 18. ಇವುಗಳ ಸರಾಸರಿ 112 ÷ 6, ಮತ್ತೆ 18.67. ಒಂದು ಕಡಿಮೆಯಿಂದ ಭಾಗಿಸುವ ಬದಲು ಮಾದರಿಯ ಗಾತ್ರದಿಂದಲೇ ಭಾಗಿಸಿದ್ದರೆ ಸರಾಸರಿ 9.33 ಬರುತ್ತಿತ್ತು; ದೋಷವನ್ನು ಕಡಿಮೆಯಾಗಿ ಅಂದಾಜಿಸಿದಂತಾಗುತ್ತಿತ್ತು. ಹೀಗೆ ಒಂದೇ ಮಾದರಿ ತನ್ನ ಅಂದಾಜನ್ನೂ ಆ ಅಂದಾಜಿನ ಅನಿಶ್ಚಿತತೆಯನ್ನೂ ಒಟ್ಟಿಗೆ ಒದಗಿಸುತ್ತದೆ.

ಆಯ್ಕೆಯಾದ ಘಟಕವನ್ನು ಮತ್ತೆ ಪಟ್ಟಿಗೆ ಸೇರಿಸಿ ಚೀಟಿ ಎತ್ತುವ ಪದ್ಧತಿಯೂ ಉಂಟು. ಆಗ ಒಂದೇ ಘಟಕ ಎರಡು ಬಾರಿ ಬರಬಹುದು. ಎರಡನೆಯ ಬಾರಿ ಬಂದಾಗ ಹೊಸ ಮಾಹಿತಿ ಏನೂ ದೊರೆಯದು. ಆದ್ದರಿಂದ ಮರುಕಳಿಕೆಗಳನ್ನು ಬಿಟ್ಟು ಭಿನ್ನ ಘಟಕಗಳ ಸರಾಸರಿಯನ್ನಷ್ಟೇ ತೆಗೆದುಕೊಳ್ಳುವುದು ಮೇಲು ಎಂಬುದು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯದಿಂದ ಸಿದ್ಧವಾಗುತ್ತದೆ. ಈ ಪ್ರಮೇಯದ ರಾವ್ ಅವರು ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್.

ಮಾನಕ ದೋಷ ಮತ್ತು ವಿಶ್ವಾಸಾಂತರ

ಅಂದಾಜಿನ ಪ್ರಸರಣದ ವರ್ಗಮೂಲವೇ ಮಾನಕ ದೋಷ. ಒಂದು ತಾಲ್ಲೂಕಿನ 12,000 ಹಿಡುವಳಿಗಳಿಂದ 400ನ್ನು ಆರಿಸಿದ್ದು, ಅವುಗಳ ಸರಾಸರಿ ವಿಸ್ತೀರ್ಣ 3.2 ಎಕರೆ, ಮಾನಕ ವಿಚಲನೆ 2.8 ಎಕರೆ ಎಂದು ಭಾವಿಸಿದರೆ, 2.8ನ್ನು 400ರ ವರ್ಗಮೂಲವಾದ 20ರಿಂದ ಭಾಗಿಸಿ, ಬಂದ 0.14ನ್ನು ತಿದ್ದುಪಡಿ ಅಂಶವಾದ 0.983ರಿಂದ ಗುಣಿಸಿದಾಗ ಮಾನಕ ದೋಷ ಸುಮಾರು 0.138 ಎಕರೆ ಎಂದಾಗುತ್ತದೆ. ಮಾದರಿ ಸಾಕಷ್ಟು ದೊಡ್ಡದಿದ್ದಾಗ ಅಂದಾಜುಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಸಮೀಪಿಸುವುದರಿಂದ, ಮಾನಕ ದೋಷದ 1.96 ಪಟ್ಟನ್ನು ಸರಾಸರಿಗೆ ಕೂಡಿಸಿ, ಕಳೆದು 95 ಶೇಕಡಾ ವಿಶ್ವಾಸಾಂತರವನ್ನು ಪಡೆಯುತ್ತಾರೆ: 2.93ರಿಂದ 3.47 ಎಕರೆ.

ಒಟ್ಟು ವಿಸ್ತೀರ್ಣದ ಅಂದಾಜಿಗೆ ಸರಾಸರಿಯನ್ನೂ ಮಾನಕ ದೋಷವನ್ನೂ 12,000ದಿಂದ ಗುಣಿಸಿದರೆ ಸಾಕು: 38,400 ಎಕರೆ, ಅಂಚು ಸುಮಾರು 3,240 ಎಕರೆ. ಮಾದರಿಯ 400 ಹಿಡುವಳಿಗಳಲ್ಲಿ 140ಕ್ಕೆ ನೀರಾವರಿ ಇದ್ದರೆ ನೀರಾವರಿಯ ಪ್ರಮಾಣದ ಅಂದಾಜು ಶೇ. 35. ನೀರಾವರಿ ಇದ್ದರೆ 1, ಇಲ್ಲದಿದ್ದರೆ 0 ಎಂದು ಬರೆದುಕೊಂಡರೆ ಪ್ರಮಾಣವೂ ಒಂದು ಸರಾಸರಿಯೇ; ಹಿಂದಿನ ಸೂತ್ರವೇ ಇಲ್ಲಿಯೂ ಅನ್ವಯಿಸಿ, ಶೇಕಡಾ 4.6 ಅಂಶಗಳ ಅಂಚನ್ನು ಕೊಡುತ್ತದೆ.

ಸಮಷ್ಟಿಯ ನಿಜ ಸರಾಸರಿ 2.93 ಮತ್ತು 3.47ರ ನಡುವೆ ಇರುವ ಸಂಭವನೀಯತೆ ಶೇ. 95 ಎಂದು ವಿಶ್ವಾಸಾಂತರವನ್ನು ವಿವರಿಸುವುದು ಸಾಮಾನ್ಯ ತಪ್ಪು. ನಿಜ ಸರಾಸರಿ ಸ್ಥಿರವಾದದ್ದು, ಬದಲಾಗುವುದು ಮಾದರಿ. ಇದೇ ವಿಧಾನದಿಂದ ಮತ್ತೆ ಮತ್ತೆ ಮಾದರಿ ತೆಗೆದರೆ ನೂರರಲ್ಲಿ ಸುಮಾರು 95 ಬಾರಿ ಅಂತರವು ನಿಜ ಬೆಲೆಯನ್ನು ಒಳಗೊಂಡಿರುತ್ತದೆ ಎಂಬುದೇ ಸರಿಯಾದ ಅರ್ಥ.

ಮಾದರಿಯ ಗಾತ್ರ

ಇಷ್ಟು ದೊಡ್ಡ ದೇಶಕ್ಕೆ ಕೆಲವೇ ಸಾವಿರ ಜನರ ಮಾದರಿ ಹೇಗೆ ಸಾಲುತ್ತದೆ ಎಂಬ ಸಂದೇಹ ಸಹಜವಾದದ್ದು. ಸೂತ್ರದಲ್ಲಿ ಸಮಷ್ಟಿಯ ಗಾತ್ರ ಬರುವುದು ಸೀಮಿತ ಸಮಷ್ಟಿಯ ತಿದ್ದುಪಡಿ ಎನಿಸಿದ ಆ ಒಂದು ಆವರಣದಲ್ಲಿ ಮಾತ್ರ. ಶೇ. 50ರ ಆಸುಪಾಸಿನ ಪ್ರಮಾಣವೊಂದನ್ನು 400 ಜನರಿಂದ ಅಂದಾಜಿಸಿದರೆ, ಸಮಷ್ಟಿಯಲ್ಲಿ 12,000 ಜನರಿದ್ದಾಗ ಅಂಚು 4.8 ಅಂಶಗಳು, 6 ಕೋಟಿ ಜನರಿದ್ದಾಗ 4.9. ಸಮಷ್ಟಿ ಐದು ಸಾವಿರ ಪಟ್ಟು ಹಿಗ್ಗಿದರೂ ಅಂಚು ಕದಲಿದ್ದು ಹತ್ತನೆಯ ಒಂದು ಅಂಶ. ಆದ್ದರಿಂದ ಸಮಷ್ಟಿಯ ಶೇ. 10ರಷ್ಟನ್ನಾದರೂ ನೋಡಬೇಕು ಎಂಬ ರೂಢಿಯ ಮಾತಿಗೆ ಆಧಾರವಿಲ್ಲ. ಇನ್ನೊಂದೆಡೆ, ನಿಖರತೆಯು ಮಾದರಿಯ ಗಾತ್ರದ ವರ್ಗಮೂಲವನ್ನು ಅನುಸರಿಸುವುದರಿಂದ, ಅಂಚನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮಾದರಿ ಬೇಕು.

ಇತಿಹಾಸ

ಭಾಗದಿಂದ ಇಡಿಯನ್ನು ಅಂದಾಜಿಸುವ ಯತ್ನಗಳು ಹಳೆಯವು. 1802ರಲ್ಲಿ ಲಪ್ಲಾಸ್ ಫ್ರಾನ್ಸಿನ ಆಯ್ದ ಪ್ರದೇಶಗಳ ಜನಸಂಖ್ಯೆಗೂ ವಾರ್ಷಿಕ ಜನನಗಳಿಗೂ ಇರುವ ಅನುಪಾತವನ್ನು, ಅಂದರೆ ಒಂದು ಜನನಕ್ಕೆ ಸುಮಾರು 28.35 ಜನ ಎಂಬುದನ್ನು, ಬಳಸಿ ದೇಶದ ಜನಸಂಖ್ಯೆಯನ್ನು ಅಂದಾಜಿಸಿದನು. ನಾರ್ವೆಯ ಆಂಡರ್ಸ್ ಕಿಯರ್ 1895ರಲ್ಲಿ ಪೂರ್ಣ ಗಣತಿಯ ಬದಲು ಪ್ರಾತಿನಿಧಿಕ ಮಾದರಿ ಸಾಕೆಂದು ವಾದಿಸಿದಾಗ ಸಮಕಾಲೀನ ಸಂಖ್ಯಾಶಾಸ್ತ್ರಜ್ಞರಿಂದ ತೀವ್ರ ವಿರೋಧ ಬಂದಿತು.

ಪ್ರಾತಿನಿಧಿಕ ಎಂಬ ಪದದ ಅರ್ಥವೇ ಬಹುಕಾಲ ಅಸ್ಪಷ್ಟವಾಗಿತ್ತು. ಇಟಲಿಯ ಕೊರ್ರಾದೊ ಜಿನಿ ಮತ್ತು ಲುಯಿಜಿ ಗಲ್ವಾನಿ 1921ರ ಜನಗಣತಿಯ ದಾಖಲೆಗಳ ಒಂದು ಭಾಗವನ್ನಷ್ಟೇ ಕಾಯ್ದಿರಿಸಬೇಕಾಗಿ ಬಂದಾಗ, 214 ಆಡಳಿತ ವಿಭಾಗಗಳಿಂದ 29ನ್ನು ತಾವೇ ಆರಿಸಿದರು. ಏಳು ಲಕ್ಷಣಗಳಲ್ಲಿ ಈ 29ರ ಸರಾಸರಿ ಇಡೀ ದೇಶದ ಸರಾಸರಿಗೆ ಹತ್ತಿರವಿರುವಂತೆ ಎಚ್ಚರ ವಹಿಸಿದ್ದರು. ಆದರೂ ಉಳಿದ ಲಕ್ಷಣಗಳನ್ನು ಹೋಲಿಸಿ ನೋಡಿದಾಗ ಮಾದರಿಗೂ ದೇಶಕ್ಕೂ ಭಾರೀ ಅಂತರ ಕಂಡಿತು. ಯೆರ್ಜಿ ನೇಮನ್ 1934ರ ತನ್ನ ಪ್ರಬಂಧದಲ್ಲಿ ಈ ಪ್ರಕರಣವನ್ನು ವಿಮರ್ಶಿಸಿ, ಮಾದರಿಯು ಸಮಷ್ಟಿಯನ್ನು ಹೋಲುವಂತೆ ಕೈಯಾರೆ ಹೊಂದಿಸುವುದಕ್ಕಿಂತ ಯಾದೃಚ್ಛಿಕ ಆಯ್ಕೆಯೇ ದೋಷದ ಲೆಕ್ಕಕ್ಕೆ ಆಧಾರವೆಂದು ತೋರಿಸಿದನು. ವಿಶ್ವಾಸಾಂತರದ ಕಲ್ಪನೆ ವಿದ್ವಾಂಸರ ಮುಂದೆ ಬಂದದ್ದೂ ಅದೇ ಪ್ರಬಂಧದಲ್ಲಿ.

ಭಾರತದಲ್ಲಿ 1931ರಲ್ಲಿ ಸ್ಥಾಪನೆಯಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬು ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜಿಸಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

ಬೆಳೆ ಕಟಾವು ಪ್ರಯೋಗ

ಮಾದರಿಯ ದೋಷ ಜನರ ಬದುಕಿಗೆ ನೇರವಾಗಿ ತಟ್ಟುವ ಸಂದರ್ಭಗಳಲ್ಲಿ ಬೆಳೆ ವಿಮೆ ಮುಖ್ಯವಾದದ್ದು. ಬೆಳೆಯಿರುವ ಸರ್ವೆ ನಂಬರುಗಳಿಂದ ಕೆಲವನ್ನು ಯಾದೃಚ್ಛಿಕವಾಗಿ ಆರಿಸಿ, ಹೊಲದೊಳಗೆ ಯಾದೃಚ್ಛಿಕ ಸಂಖ್ಯೆಗಳಿಂದಲೇ ಒಂದು ತಾಕನ್ನು ಗುರುತಿಸಿ, ಅದರ ಫಸಲನ್ನು ಕೊಯ್ದು ತೂಗುತ್ತಾರೆ. ಹೆಚ್ಚಿನ ಬೆಳೆಗಳಿಗೆ ಈ ತಾಕು 5 ಮೀಟರ್ ಉದ್ದ, 5 ಮೀಟರ್ ಅಗಲದ್ದು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯು ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕನಿಷ್ಠ 4 ಪ್ರಯೋಗಗಳನ್ನು ಕೇಳುತ್ತದೆ. ಅವುಗಳ ಸರಾಸರಿ ಇಳುವರಿಯು ಮೊದಲೇ ಗೊತ್ತುಪಡಿಸಿದ ಪ್ರಾರಂಭಿಕ ಇಳುವರಿಗಿಂತ ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ವಿಮೆಗೆ ಸೇರಿದ ರೈತರಿಗೆಲ್ಲ ಪರಿಹಾರ ನಿಗದಿಯಾಗುತ್ತದೆ.

ನಾಲ್ಕು ತಾಕುಗಳಲ್ಲಿ 5, 8, 4 ಮತ್ತು 7 ಕಿಲೋ ಬಂದಿತೆಂದು ಭಾವಿಸೋಣ. ಸರಾಸರಿ 6 ಕಿಲೋ, ಅಂದರೆ ಹೆಕ್ಟೇರಿಗೆ 2,400 ಕಿಲೋ. ಮಾನಕ ದೋಷ ಹೆಕ್ಟೇರಿಗೆ ಸುಮಾರು 365 ಕಿಲೋ. ಇಷ್ಟು ಚಿಕ್ಕ ಮಾದರಿಗೆ 1.96ರ ಬದಲು ಸ್ಟೂಡೆಂಟ್ ವಿತರಣೆಯ 3.18ನ್ನು ಬಳಸಬೇಕಾಗಿರುವುದರಿಂದ, 95 ಶೇಕಡಾ ವಿಶ್ವಾಸಾಂತರವು 1,240ರಿಂದ 3,560 ಕಿಲೋವರೆಗೆ ಹರಡುತ್ತದೆ. ಪ್ರಾರಂಭಿಕ ಇಳುವರಿ 2,600 ಕಿಲೋ ಇದ್ದರೆ ಕೊರತೆ ಶೇ. 7.7. ಅಂದಾಜು ಒಂದು ಮಾನಕ ದೋಷದಷ್ಟು ಮೇಲೆ ಸರಿದಿದ್ದರೆ ಪರಿಹಾರವೇ ಇಲ್ಲ. ಅಷ್ಟೇ ಕೆಳಗೆ ಸರಿದಿದ್ದರೆ ಕೊರತೆ ಶೇ. 22ರ ಹತ್ತಿರ. ಹೊಲಗಳಲ್ಲಿ ನಿಜವಾಗಿ ಬೆಳೆದದ್ದು ಮೂರೂ ಸಂದರ್ಭಗಳಲ್ಲಿ ಒಂದೇ ಆಗಿರಬಹುದು. ಜಿಲ್ಲೆಯ ಅಥವಾ ರಾಜ್ಯದ ಒಟ್ಟು ಉತ್ಪಾದನೆಯ ಅಂದಾಜಿನಲ್ಲಿ ಇಂಥ ನೂರಾರು ತಾಕುಗಳು ಸೇರುವುದರಿಂದ ಈ ಏರುಪೇರು ಅಡಗುತ್ತದೆ. ಒಂದು ಪಂಚಾಯಿತಿಯ ಮಟ್ಟದಲ್ಲಿ ಅಡಗುವುದಿಲ್ಲ.

ಮಿತಿಗಳು

ಮಾನಕ ದೋಷವು ಅಳೆಯುವುದು ಚೀಟಿ ಎತ್ತುವುದರಿಂದ ಉಂಟಾಗುವ ಏರುಪೇರನ್ನು ಮಾತ್ರ. ಅಳತೆಯೇ ತಪ್ಪಿದ್ದರೆ ಅದು ಈ ಲೆಕ್ಕದಲ್ಲಿ ಕಾಣಿಸದು. ತೀರ ಚಿಕ್ಕ ತಾಕುಗಳನ್ನು ಕೊಯ್ದಾಗ ಗೆರೆಯ ಮೇಲಿನ ಗಿಡಗಳು ಒಳಗೆ ಸೇರಿ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂದು ಪಿ. ವಿ. ಸುಖಾತ್ಮೆ 1940ರ ದಶಕದಲ್ಲಿ ತೋರಿಸಿದರು. ಎಷ್ಟು ತಾಕುಗಳನ್ನು ಕೊಯ್ದರೂ ಈ ಪಕ್ಷಪಾತ ಕರಗುವುದಿಲ್ಲ.

ಪಟ್ಟಿಯ ದೋಷ ಮತ್ತು ಉತ್ತರಿಸದವರ ಸಮಸ್ಯೆಯೂ ಇದೇ ಬಗೆಯದು. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ಶೇ. 60ಕ್ಕೂ ಹೆಚ್ಚು ಮತ ಪಡೆದ ರೂಸ್‌ವೆಲ್ಟ್. ಪತ್ರಿಕೆಯ ಪಟ್ಟಿಗಳು ದೂರವಾಣಿ ಮತ್ತು ಮೋಟಾರು ವಾಹನ ಹೊಂದಿದ್ದವರ ಕಡೆಗೆ ವಾಲಿದ್ದವು. ಉತ್ತರ ಬರೆದು ಕಳುಹಿಸಿದವರೂ ಕಳುಹಿಸದವರೂ ಒಂದೇ ಬಗೆಯ ಜನರಾಗಿರಲಿಲ್ಲ. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯನ್ನು ಬಳಸಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ದೇಶವ್ಯಾಪಿ ಸಮೀಕ್ಷೆಗಳಲ್ಲಿ ಸರಳ ಯಾದೃಚ್ಛಿಕ ಪ್ರತಿಚಯನವನ್ನು ಅದರ ಶುದ್ಧ ರೂಪದಲ್ಲಿ ಬಳಸುವುದು ಅಪರೂಪ. ದೇಶದ ಎಲ್ಲ ಕುಟುಂಬಗಳ ಒಂದೇ ಪಟ್ಟಿ ದೊರೆಯುವುದಿಲ್ಲ. ದೊರೆತರೂ ಆಯ್ದ ಮನೆಗಳು ಊರಿಗೊಂದರಂತೆ ಚದುರಿ ಪ್ರಯಾಣದ ವೆಚ್ಚ ಮಿತಿಮೀರುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯಂಥ ಯೋಜನೆಗಳು ಸಮಷ್ಟಿಯನ್ನು ಸ್ತರಗಳಾಗಿ ವಿಂಗಡಿಸಿ, ಮೊದಲು ಹಳ್ಳಿಗಳನ್ನೋ ನಗರದ ಬ್ಲಾಕುಗಳನ್ನೋ ಆರಿಸಿ, ಅಲ್ಲಿ ಮನೆಪಟ್ಟಿ ತಯಾರಿಸಿ, ಬಳಿಕ ಕುಟುಂಬಗಳನ್ನು ಆರಿಸುತ್ತವೆ. ಇಂಥ ಬಹುಹಂತದ ಮಾದರಿಗೆ ಮೇಲಿನ ಮಾನಕ ದೋಷದ ಸೂತ್ರವನ್ನು ನೇರವಾಗಿ ಬಳಸಿದರೆ, ಒಂದೇ ಊರಿನ ಕುಟುಂಬಗಳು ಪರಸ್ಪರ ಹೋಲುವುದರಿಂದ, ದೋಷವು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ.