ಆಶುಮಾತು ಮತ್ತು ರಂಗಪಠ್ಯ: ಮಾಸ್ಟರ್ ಹಿರಣ್ಣಯ್ಯನವರ ಹಾಸ್ಯದ ಒಂದು ಅಧ್ಯಯನ

ಕನ್ನಡ ನಾಟಕ ಸಾಹಿತ್ಯದ ಚರಿತ್ರೆಗಳು ಬಹುಮಟ್ಟಿಗೆ ಅಚ್ಚಾದ ಕೃತಿಗಳನ್ನು ಆಧರಿಸಿ ರಚಿತವಾಗಿವೆ. ಇದರಿಂದಾಗಿ ಓದುವ ನಾಟಕಕ್ಕೆ ದೊರೆತ ವಿಮರ್ಶೆಯ ಮನ್ನಣೆ ಆಡುವ ನಾಟಕಕ್ಕೆ ದೊರೆಯಲಿಲ್ಲ. ವೃತ್ತಿರಂಗಭೂಮಿಯ ಹಾಸ್ಯನಟರಂತೂ ‘ಜನಪ್ರಿಯ’ ಎಂಬ ಒಂದೇ ವಿಶೇಷಣದಲ್ಲಿ ಮುಗಿದುಹೋಗುತ್ತಾರೆ. ನಟನು ರಂಗದ ಮೇಲೆ ಆ ಕ್ಷಣದಲ್ಲಿ ಹುಟ್ಟಿಸುವ ಮಾತನ್ನು ಸಾಹಿತ್ಯವೆಂದು ಪರಿಗಣಿಸಬೇಕೆ, ಪರಿಗಣಿಸುವುದಾದರೆ ಅದರ ಪಠ್ಯ ಯಾವುದು ಎಂಬ ಪ್ರಶ್ನೆಯನ್ನು ಮಾಸ್ಟರ್ ಹಿರಣ್ಣಯ್ಯನವರ (೧೯೩೪–೨೦೧೯) ರಂಗಜೀವನವು ಎದುರಿಗಿಡುತ್ತದೆ. ಆ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಹಿರಣ್ಣಯ್ಯನವರ ಮೂಲ ಹೆಸರು ನರಸಿಂಹಮೂರ್ತಿ. ಜನನ ೧೯೩೪ರ ಫೆಬ್ರವರಿಯಲ್ಲಿ, ಮೈಸೂರಿನಲ್ಲಿ. ತಂದೆ ಕೆ. ಹಿರಣ್ಣಯ್ಯನವರು ನಟ, ನಾಟಕಕಾರ, ತಂಡದ ಒಡೆಯ. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಅಭಿನಯಿಸಿದ ‘ವಾಣಿ’ (೧೯೪೩) ಚಲನಚಿತ್ರದ ನಿರ್ದೇಶಕರು. ೧೯೫೩ರಲ್ಲಿ ತಂದೆ ತೀರಿಕೊಂಡ ಮೇಲೆ, ಇನ್ನೂ ಇಪ್ಪತ್ತರ ಹೊಸ್ತಿಲಲ್ಲಿದ್ದ ಮಗನು ತಂದೆಯ ಹೆಸರಿನೊಂದಿಗೆ ಹಿರಣ್ಣಯ್ಯ ಮಿತ್ರ ಮಂಡಳಿಯ ಹೊಣೆಯನ್ನೂ ಹೊತ್ತರು. ‘ನಟರತ್ನಾಕರ’ ಎಂಬ ಬಿರುದು ಅವರ ಹೆಸರಿನೊಡನೆ ಸೇರಿಕೊಂಡಿತು.

ಅವರು ಪಡೆದ ಪರಂಪರೆಯಲ್ಲಿ ಆಶುಮಾತು ಹೊಸದಾಗಿರಲಿಲ್ಲ. ಕಂಪನಿ ನಾಟಕದಲ್ಲಿ ಕಥಾಸೂತ್ರ, ರಂಗಗೀತೆ, ಪ್ರವೇಶ–ನಿರ್ಗಮನಗಳು ಗೊತ್ತುಪಡಿಸಿದವು. ಹಾಸ್ಯಪಾತ್ರಕ್ಕೆ ಮಾತ್ರ ಪ್ರತಿಯನ್ನು ಮೀರುವ ಸಲಿಗೆಯಿತ್ತು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಗಳಿಸಿದ ಕೀರ್ತಿಗೆ ಈ ಸಲಿಗೆಯ ಸಮರ್ಥ ಬಳಕೆಯೂ ಕಾರಣ. ಆದರೆ ಅಲ್ಲಿ ಆಶುಹಾಸ್ಯವು ಕಥೆಯ ನಡುವಣ ವಿರಾಮವಾಗಿದ್ದರೆ, ಹಿರಣ್ಣಯ್ಯನವರಲ್ಲಿ ಅದು ನಾಟಕದ ನಡುಮನೆಗೇ ಬಂದು ಕುಳಿತಿತು. ಕಥೆಯು ಮಾತಿಗೆ ನೆಪವಾಯಿತು. ಈ ಸ್ಥಾನಪಲ್ಲಟವೇ ಅವರ ರಂಗಭೂಮಿಯ ಮುಖ್ಯ ಲಕ್ಷಣ.

ಶೀರ್ಷಿಕೆಯಲ್ಲೇ ವಿಡಂಬನೆ

ಮಂಡಳಿಯ ನಾಟಕಗಳ ಹೆಸರುಗಳು ಈ ಹಾಸ್ಯದ ಭಾಷಿಕ ನೆಲೆಯನ್ನು ಸೂಚಿಸುತ್ತವೆ. ‘ಲಂಚಾವತಾರ’ ಎಂಬಲ್ಲಿ ‘ಲಂಚ’ ಮತ್ತು ‘ಅವತಾರ’ ಪದಗಳು ಸವರ್ಣದೀರ್ಘ ಸಂಧಿಯಾಗಿ ಕೂಡಿವೆ. ‘ದಶಾವತಾರ’ದ ನೆನಪು ತರುವ ಈ ಸಮಾಸವು, ಕಚೇರಿಯ ಮೇಜಿನ ಕೆಳಗೆ ನಡೆಯುವ ವ್ಯವಹಾರಕ್ಕೆ ಪುರಾಣದ ಗಾಂಭೀರ್ಯವನ್ನು ತೊಡಿಸುತ್ತದೆ. ‘ಮಕ್ಮಲ್ ಟೋಪಿ’ಯ ಹಿಂದೆ ‘ಟೋಪಿ ಹಾಕು’ ಎಂಬ ನುಡಿಗಟ್ಟಿದೆ. ಮೋಸವೂ ಮೆತ್ತಗೆ, ಹೊಳಪಾಗಿ ಬರುತ್ತದೆಂಬ ಧ್ವನಿಯಿದೆ. ‘ನಡುಬೀದಿ ನಾರಾಯಣ’ದಲ್ಲಿ ನಕಾರದ ಪ್ರಾಸವು ದೇವರ ಹೆಸರನ್ನು ಬೀದಿಗೆ ತಂದು ನಿಲ್ಲಿಸುತ್ತದೆ. ಪಂಡಿತ ಪದಕ್ಕೂ ಪೇಟೆಯ ಮಾತಿಗೂ ಗಂಟುಹಾಕಿ, ಎರಡರ ಅಂತರದಲ್ಲಿ ನಗೆಯನ್ನು ಹುಟ್ಟಿಸುವುದು ಈ ಹೆಸರುಗಳ ರೀತಿ.

ಆಶುಮಾತಿನ ಕಾರ್ಯವಿಧಾನ

ಸರ್ಕಾರಿ ವ್ಯವಸ್ಥೆಯ ಲಂಚಗುಳಿತನವನ್ನು ವಸ್ತುವಾಗುಳ್ಳ ‘ಲಂಚಾವತಾರ’ವು ಹತ್ತು ಸಾವಿರಕ್ಕೂ ಮಿಕ್ಕಿ ಪ್ರಯೋಗಗಳನ್ನು ಕಂಡಿತೆಂದು ಪ್ರತೀತಿ. ಒಂದೇ ನಾಟಕವನ್ನು ಜನರು ಮತ್ತೆ ಮತ್ತೆ ನೋಡಿದುದಕ್ಕೆ ಕಾರಣ ಕಥೆಯ ಕುತೂಹಲವಲ್ಲ. ಇಂದು ಯಾವ ಸುದ್ದಿ ಯಾರ ಬಾಯಲ್ಲಿ ಹೇಗೆ ಬರುವುದೋ ಎಂಬ ನಿರೀಕ್ಷೆ ಅವರನ್ನು ಕರೆತರುತ್ತಿತ್ತು. ಅಂದಿನ ಪತ್ರಿಕಾ ವಾರ್ತೆ, ಆಳುವವರ ಹೇಳಿಕೆ, ಎದುರಿಗೆ ಕುಳಿತ ಗಣ್ಯರ ಉಪಸ್ಥಿತಿ ಎಲ್ಲವೂ ಸಂಭಾಷಣೆಯ ಸಾಮಗ್ರಿಯಾಗುತ್ತಿದ್ದವು. ನಟನು ಪಾತ್ರದಿಂದ ಅರ್ಧ ಹೊರಬಂದು ಸಭಿಕರೊಡನೆ ಮಾತನಾಡಿ ಮತ್ತೆ ಪಾತ್ರದೊಳಗೆ ಸೇರುತ್ತಿದ್ದನು. ಅಧಿಕಾರಸ್ಥರನ್ನು ಟೀಕಿಸುವಾಗ ಅದು ಪಾತ್ರದ ಮಾತೋ ನಟನ ಮಾತೋ ಎಂಬ ಸಂದಿಗ್ಧವು ಉಳಿಯುತ್ತಿತ್ತು. ಆ ಸಂದಿಗ್ಧವೇ ವಿಡಂಬನಕಾರನ ಗುರಾಣಿ.

ಈ ಗುರಾಣಿಗೆ ಇನ್ನೊಂದು ಚಾರಿತ್ರಿಕ ಆಯಾಮವೂ ಇದೆ. ಬ್ರಿಟಿಷ್ ಇಂಡಿಯಾದಲ್ಲಿ ೧೮೭೬ರಲ್ಲಿ ಜಾರಿಗೆ ಬಂದ ನಾಟಕ ಪ್ರದರ್ಶನ ಕಾಯ್ದೆಯು ಆಕ್ಷೇಪಾರ್ಹವೆನಿಸಿದ ನಾಟಕಗಳನ್ನು ನಿಷೇಧಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. ಪ್ರಭುತ್ವವು ಮುಂಚಿತವಾಗಿ ಪರಿಶೀಲಿಸಬಲ್ಲದ್ದು ಬರೆದ ಪ್ರತಿಯನ್ನು ಮಾತ್ರ. ಆಡುವ ಗಳಿಗೆಯಲ್ಲಿ ಹುಟ್ಟುವ ಮಾತಿಗೆ ಮುಂಗಡ ಪ್ರತಿಯಿರುವುದಿಲ್ಲ. ಹೀಗೆ ಆಶುತ್ವವು ಪ್ರತಿಭೆಯ ಗುಣವಾಗಿರುವಂತೆಯೇ ಮಾತಿನ ಸ್ವಾತಂತ್ರ್ಯವನ್ನು ಕಾಯುವ ಉಪಾಯವೂ ಆಗುತ್ತದೆ.

ಇದರ ಮಿತಿಗಳನ್ನೂ ಗುರುತಿಸಬೇಕು. ತತ್‌ಕ್ಷಣದ ಚಪ್ಪಾಳೆಯನ್ನು ಅವಲಂಬಿಸಿದ ವಿಡಂಬನೆಯು ವ್ಯವಸ್ಥೆಯ ವಿಶ್ಲೇಷಣೆಗಿಂತ ವ್ಯಕ್ತಿಯ ಗೇಲಿಯತ್ತ ವಾಲುವ ಅಪಾಯವಿರುತ್ತದೆ. ಭ್ರಷ್ಟನನ್ನು ನೋಡಿ ನಕ್ಕ ಪ್ರೇಕ್ಷಕನು ತಾನು ಆ ವ್ಯವಸ್ಥೆಯ ಪಾಲುದಾರನಲ್ಲವೆಂಬ ಸಮಾಧಾನದಿಂದ ಮನೆಗೆ ಮರಳಲೂಬಹುದು.

ಕಿರುತೆರೆ ಮತ್ತು ಧ್ವನಿಮುದ್ರಣ

ಹಿರಣ್ಣಯ್ಯನವರು ಚಲನಚಿತ್ರ ಹಾಗೂ ದೂರದರ್ಶನ ಧಾರಾವಾಹಿಗಳಲ್ಲಿಯೂ ಅಭಿನಯಿಸಿದರು. ಮಾಧ್ಯಮದ ಬದಲಾವಣೆ ಇಲ್ಲಿ ಗಮನಾರ್ಹ. ಕ್ಯಾಮೆರಾದ ಎದುರು ಸಭಿಕರಿಲ್ಲ. ನಗೆಯ ಅಲೆಯನ್ನು ಅಳೆದು ಮುಂದಿನ ಮಾತನ್ನು ತೂಗುವ ಅವಕಾಶವಿಲ್ಲ. ದೃಶ್ಯದ ಅವಧಿ, ಇತರ ನಟರ ಮಾತು, ಬೆಳಕಿನ ಕೋನ ಎಲ್ಲವೂ ಮೊದಲೇ ನಿಗದಿಯಾಗಿರುತ್ತವೆ. ಇಂದು ಚಿತ್ರಿತವಾದುದು ವಾರಗಳ ನಂತರ ಪ್ರಸಾರವಾಗುವುದರಿಂದ ಅಂದಿನ ಸುದ್ದಿಗೆ ಅಂದೇ ಕೊಡುವ ಉತ್ತರಕ್ಕೆ ಎಡೆಯಿಲ್ಲ. ಕಿರುತೆರೆಯು ಅವರ ಮುಖವನ್ನು ಮನೆಮನೆಗೆ ತಲುಪಿಸಿತು. ಅವರ ಕಲೆಯ ತಿರುಳು ರಂಗದ ಮೇಲೆಯೇ ಉಳಿಯಿತು.

ಧ್ವನಿಸುರುಳಿಗಳ ವಿಚಾರ ಇದಕ್ಕಿಂತ ಜಟಿಲ. ‘ಲಂಚಾವತಾರ’ವು ಧ್ವನಿಮುದ್ರಿಕೆಯ ಮೂಲಕ ರಂಗವನ್ನು ನೋಡದವರಿಗೂ ಪರಿಚಿತವಾಯಿತು. ಆದರೆ ಸಾವಿರಾರು ರಾತ್ರಿಗಳಲ್ಲಿ ಒಂದರ ಮಾತು ಹೀಗೆ ಮುದ್ರಿತವಾದೊಡನೆ ಅದೇ ‘ಮೂಲ’ವೆಂಬ ಭ್ರಮೆ ಹುಟ್ಟುತ್ತದೆ. ಉಳಿದುಬಂದ ಒಂದು ಓಲೆಪ್ರತಿಯನ್ನೇ ಕವಿಯ ಪಾಠವೆಂದು ನಂಬುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಅಧ್ಯಯನದ ದಾರಿ

ಕನ್ನಡ ವಿದ್ವತ್ತಿಗೆ ಈ ಸಮಸ್ಯೆಯನ್ನು ಎದುರಿಸುವ ಸಾಧನಗಳು ಅಪರಿಚಿತವಲ್ಲ. ಗ್ರಂಥಸಂಪಾದನೆಯು ಪಾಠಾಂತರಗಳನ್ನು ತೌಲನಿಕವಾಗಿ ಓದುವುದನ್ನು ಕಲಿಸಿದೆ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಸ್ಥಿರವಾಗಿದ್ದು, ಅರ್ಥಧಾರಿಯ ಗದ್ಯ ಆಶುವಾಗಿರುತ್ತದೆ. ಅಲ್ಲಿನ ಮಾತುಗಾರಿಕೆಯನ್ನು ಸಾಹಿತ್ಯವೆಂದು ಮಾನ್ಯಮಾಡಿ ಚರ್ಚಿಸಲಾಗಿದೆ. ಅದೇ ಮಾನ್ಯತೆಯನ್ನು ಕಂಪನಿ ನಾಟಕದ ಹಾಸ್ಯಕ್ಕೂ ವಿಸ್ತರಿಸಬೇಕು. ಒಂದು ನಾಟಕದ ಬೇರೆ ಬೇರೆ ಧ್ವನಿ, ದೃಶ್ಯ ಮುದ್ರಣಗಳನ್ನು ಕಲೆಹಾಕಿ, ಯಾವ ಭಾಗ ಸ್ಥಿರ, ಯಾವುದು ಚರ, ಯಾವ ಊರಿನಲ್ಲಿ ಯಾವ ಮಾತು ಸೇರಿತು ಅಥವಾ ಬಿಟ್ಟುಹೋಯಿತು ಎಂದು ಪಟ್ಟಿಮಾಡಿದರೆ, ವಿಡಂಬನೆಯ ಚರಿತ್ರೆಯೊಡನೆ ಸಾರ್ವಜನಿಕ ಅಸಮಾಧಾನದ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಈ ಕೆಲಸಕ್ಕೆ ಕಾಲದ ಒತ್ತಡವಿದೆ. ೨೦೧೯ರ ಮೇ ೨ರಂದು ಹಿರಣ್ಣಯ್ಯನವರು ಬೆಂಗಳೂರಿನಲ್ಲಿ ನಿಧನರಾದರು. ಮಂಡಳಿಯ ಆರಂಭದ ದಶಕಗಳ ಪ್ರಯೋಗಗಳನ್ನು ಕಂಡ ಪ್ರೇಕ್ಷಕರೂ ಜೊತೆಯಲ್ಲಿ ದುಡಿದ ಕಲಾವಿದರೂ ವಿರಳವಾಗುತ್ತಿದ್ದಾರೆ. ಅಚ್ಚಾದ ನಾಟಕವು ಗ್ರಂಥಾಲಯದಲ್ಲಿ ಓದುಗನಿಗಾಗಿ ಕಾಯಬಲ್ಲದು. ಆಡಿದ ಮಾತಿಗೆ ಆ ವ್ಯವಧಾನವಿಲ್ಲ. ಅದನ್ನು ಕೇಳಿದವರ ನೆನಪೇ ಅದರ ಏಕೈಕ ಹಸ್ತಪ್ರತಿ. ಆ ಪ್ರತಿಯು ಲುಪ್ತವಾಗುವ ಮುನ್ನ ದಾಖಲಿಸಿಕೊಳ್ಳುವುದು ಕನ್ನಡ ಅಧ್ಯಯನ ವಿಭಾಗಗಳು ಕೈಗೆತ್ತಿಕೊಳ್ಳಬೇಕಾದ ತುರ್ತು ಕಾರ್ಯವಾಗಿದೆ.